ಸ್ಟ್ಯಾಂಡ್ ಬಿಟ್ಟು ಭೂಮಿ ಕದ್ದವರು

ಸೆಪ್ಟೆಂಬರ್ 22, ಸೋಮವಾರ, ನವರಾತ್ರಿಯ ಮೊದಲ ದಿನ. ಬೆಳಿಗ್ಗೆ ಹತ್ತೂವರೆಗೆ ಜಯನಗರದ ಠಾಣೆಗೆ ಬಂದ ಭಾರ್ಗವ, ಇನ್ಸ್‌ಪೆಕ್ಟರ್ ಮುತ್ತುರಾಜನ ಮೇಜಿನ ಮೇಲೆ ಒಂದು ದೊಡ್ಡ ಫೋಟೋ ಇಟ್ಟು, "ಕಾಣೆಯಾಗಿದೆ ಸಾರ್" ಎಂದ.

ಮುತ್ತುರಾಜ ಫೋಟೋ ನೋಡಿದ. ಅದರಲ್ಲಿ ಸೂಟು ತೊಟ್ಟು ನಿಂತಿದ್ದವನು ಎದುರಿಗೆ ಕೂತವನೇ.

"ಇದರಲ್ಲಿ ನೀವೊಬ್ರೇ ಇದೀರಿ."

"ನಾನಲ್ಲ ಸಾರ್. ನನ್ನ ಕೈ ಕೆಳಗೆ ನೋಡಿ. ಗ್ಲೋಬು."

ಎದೆಯೆತ್ತರದ ತೇಗದ ಸ್ಟ್ಯಾಂಡು, ಅದರ ಮೇಲೆ ಹಿತ್ತಾಳೆಯ ಬಳೆ, ಬಳೆಯೊಳಗೆ ದೊಡ್ಡ ಕುಂಬಳಕಾಯಿ ಗಾತ್ರದ ಭೂಗೋಳ. ಭಾರ್ಗವ ವಿದೇಶ ಪ್ರವಾಸ ಮಾಡಿಸುವ ಕಚೇರಿ ನಡೆಸುವವನು. ಬಂದ ಗಿರಾಕಿಯನ್ನು ಮೊದಲು ಆ ಗ್ಲೋಬಿನ ಮುಂದೆ ನಿಲ್ಲಿಸಿ, "ಎಲ್ಲಿಗೆ ಹೋಗ್ಬೇಕು, ಕೈ ಇಡಿ" ಎನ್ನುವುದು ಅವನ ಪದ್ಧತಿ. ಗಿರಾಕಿ ಕೈ ಇಟ್ಟ ಕಡೆಯೆಲ್ಲ ಸಮುದ್ರವೇ ಬಂದರೂ ಅವನ ಉತ್ಸಾಹ ಕುಗ್ಗುತ್ತಿರಲಿಲ್ಲವಂತೆ.

ಆ ವಾರ ಠಾಣೆಯಲ್ಲಿ ಎರಡು ಸರಗಳ್ಳತನದ ಕೇಸುಗಳಿದ್ದವು. ದಸರಾ ಬಂದೋಬಸ್ತಿಗೆ ಅರ್ಧ ಸಿಬ್ಬಂದಿ ಹೋಗಿತ್ತು. ಹುಳಿಮಾವಿನಲ್ಲಿ ಸಿಕ್ಕ ಬೈಕ್ ಕಳ್ಳರನ್ನು ಕೋರ್ಟಿಗೆ ಕರೆದೊಯ್ಯಬೇಕಿತ್ತು. ಇಷ್ಟರ ನಡುವೆ ಒಬ್ಬ ಬಂದು ಭೂಮಿ ಕಳುವಾಗಿದೆ ಎಂದರೆ ಯಾವ ಇನ್ಸ್‌ಪೆಕ್ಟರಿಗೆ ತಾಳ್ಮೆ ಉಳಿದೀತು? ಮುತ್ತುರಾಜನಿಗೆ ಉಳಿಯಲಿಲ್ಲ. ಆದರೂ ಹೆಡ್ ಕಾನ್‌ಸ್ಟೇಬಲ್ ಚಲುವರಾಜುವನ್ನು ಕರೆದು ದೂರು ಬರೆಸಿಕೊಳ್ಳಲು ಹೇಳಿದ.

"ಗುರುತು ಏನಾದ್ರೂ ಇದೆಯಾ?" ಚಲುವರಾಜು ಕೇಳಿದ.

"ಹೋದ ವರ್ಷ ಆಯುಧಪೂಜೆ ದಿನ ಕುಂಕುಮ ಇಟ್ಟಿದ್ವಿ. ಎಣ್ಣೆ ಕುಂಕುಮ. ಪೆಸಿಫಿಕ್ ಸಮುದ್ರದ ಮೇಲೆ ಕೆಂಪು ಕಲೆ ಹಾಗೇ ಉಳೀತು."

"ಯಾರ ಮೇಲೆ ಅನುಮಾನ?"

"ಅನುಮಾನ ಏನು ಬಂತು, ಅವಳೇ. ಕ್ಲೀನ್ ಮಾಡೋಕೆ ಬರೋ ಮುರಿಗೆವ್ವ. ಅವಳ ಹತ್ರ ಕೀ ಇದೆ, ಬೀಗ ಒಡೆದಿಲ್ಲ. ಹೊರಗೆ ಕೂರಿಸಿದೀನಿ. ಎರಡೇಟು ಹಾಕಿ ಸಾರ್, ಬಾಯಿ ಬಿಡ್ತಾಳೆ."

ಮುತ್ತುರಾಜ ತಲೆಯೆತ್ತಿದ. "ಕೂರಿಸಿದೀನಿ ಅಂದ್ರೆ?"

ವಿಷಯ ಹೊರಬಿತ್ತು. ಬೆಳಿಗ್ಗೆ ಕಚೇರಿ ತೆರೆದು ನೋಡಿದ ಕೂಡಲೇ ಭಾರ್ಗವ ತನ್ನ ಮ್ಯಾನೇಜರ್ ಕಿಟ್ಟಿಯನ್ನು ಕರೆದುಕೊಂಡು ಬಿಟಿಎಂ ಲೇಔಟಿನ ಅವಳ ವಠಾರಕ್ಕೆ ಹೋಗಿ, ರೂಮಿನೊಳಗೆ ನುಗ್ಗಿ, ಅವಳ ಚೀಲ, ಪಾತ್ರೆ, ಹಾಸಿಗೆಯನ್ನೆಲ್ಲ ಅಂಗಳಕ್ಕೆ ಎಳೆದು ಹುಡುಕಿದ್ದ. ಗ್ಲೋಬು ಸಿಕ್ಕಿರಲಿಲ್ಲ. ಕುಂಬಳಕಾಯಿ ಗಾತ್ರದ ವಸ್ತುವನ್ನು ಸೀರೆ ಚೀಲದಲ್ಲಿ ಹುಡುಕುವವನ ಬುದ್ಧಿಗೆ ಏನೆನ್ನಬೇಕು?

"ಪೊಲೀಸ್ ಕೆಲಸ ನೀವೇ ಮಾಡಿ ಮುಗಿಸಿದೀರಿ. ಮತ್ತೆ ಇಲ್ಲಿಗ್ಯಾಕೆ ಬಂದ್ರಿ?" ಎಂದ ಮುತ್ತುರಾಜ. ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ದೂರಿನಲ್ಲಿ ಭಾರ್ಗವ ಶಂಕಿತಳ ಹೆಸರು ಮುರಿಗೆವ್ವ ಎಂದೇ ಬರೆಸಿದ.

ಮುರಿಗೆವ್ವ ಹೊರಗಿನ ಬೆಂಚಿನ ತುದಿಯಲ್ಲಿ ಕೂತಿದ್ದಳು. ನಲವತ್ತು ದಾಟಿದ ಹೆಂಗಸು. ಬಾಗಲಕೋಟೆ ಕಡೆಯವಳು. ಹೌಸ್‌ಕೀಪಿಂಗ್ ಏಜೆನ್ಸಿಯೊಂದರ ಮೂಲಕ ಜಯನಗರದ ಮೂರು ಕಚೇರಿಗಳಲ್ಲಿ ಕಸ ಗುಡಿಸಿ ಒರೆಸುತ್ತಿದ್ದಳು. ಏಜೆನ್ಸಿಯ ಸೂಪರ್‌ವೈಸರ್ ನಿಂಗರಾಜನೂ ಅಷ್ಟರಲ್ಲಿ ಬಂದಿದ್ದ. ಬಂದವನು ಮೊದಲು ಮಾಡಿದ ಕೆಲಸವೆಂದರೆ ಅವಳ ಕೊರಳಿನ ಐಡಿ ಕಾರ್ಡು ಬಿಚ್ಚಿಸಿಕೊಂಡದ್ದು.

"ನೀವು ತಗೊಂಡ್ರಾ ಅಮ್ಮಾ?" ಮುತ್ತುರಾಜ ಕೇಳಿದ.

"ದಿನಾ ಒರಸ್ತೀನ್ರಿ ಸಾಹೇಬ್ರ ಅದನ್ನ. ಒಯ್ದು ಏನ್ ಮಾಡ್ಲಿ? ನಮ್ಮ ಖೋಲ್ಯಾಗ ಕಾಲ್ ಚಾಚಿ ಮಲಗಾಕ ಜಾಗಿಲ್ಲ, ಅದನ್ನೆಲ್ಲಿ ಇಡ್ಲಿ?"

"ನಿನ್ನೆ ಎಲ್ಲಿದ್ರಿ?"

"ಖೋಲ್ಯಾಗ ಇದ್ನಿರಿ. ಅಮಾಸಿ, ಐತವಾರ. ಬಾಜೂ ಮನಿಯವ್ರ ಕೂಡ ಹೋಳಿಗಿ ಮಾಡೀನ್ರಿ."

"ಕೀ ಯಾರಿಗಾದ್ರೂ ಕೊಟ್ಟಿದ್ರಾ?"

"ಇಲ್ರಿ." ಅವಳು ಸೆರಗನ್ನು ಬಿಗಿಯಾಗಿ ಹಿಡಿದಿದ್ದಳು. "ನನ್ನ ಗಂಟು ಅಂಗಳಕ ಒಗದು ಹುಡುಕಿದ್ರು. ವಠಾರದ ಮಂದಿ ಎಲ್ಲಾ ನಿಂತ ನೋಡಾಕತ್ತಿದ್ರು. ಕಳ್ಳಿ ಅಂತ ಹೆಸರು ಬಂದ್ರ ಈ ಬೆಂಗಳೂರಾಗ ಯಾರೂ ಒಳಗ ಬಿಡಂಗಿಲ್ರಿ."

ನಿಂಗರಾಜ ನಡುವೆ ಬಾಯಿ ಹಾಕಿದ. "ಕೇಸ್ ಕ್ಲಿಯರ್ ಆಗೋವರೆಗೂ ನಾವು ಕಳಿಸೋ ಹಾಗಿಲ್ಲ ಸಾರ್. ಗುರುವಾರ ಬೇರೆಯವ್ರನ್ನ ಹಾಕ್ತೀವಿ. ರೂಲ್ಸು."

ಬಡವರ ಹೊಟ್ಟೆಗೆ ಹೊಡೆಯುವ ರೂಲ್ಸುಗಳಿಗೆ ಮಾತ್ರ ನಮ್ಮಲ್ಲಿ ಒಂದು ದಿನವೂ ತಡವಾಗುವುದಿಲ್ಲ. ಮುತ್ತುರಾಜ ಅವನನ್ನು ಒಮ್ಮೆ ದಿಟ್ಟಿಸಿ, ಜೀಪು ಹತ್ತಿದ.

ಭಾರ್ಗವನ ಕಚೇರಿ ಅವನ ತಂದೆ ಕಟ್ಟಿಸಿದ ಮನೆಯ ಕೆಳಮಹಡಿ. ಮೇಲೆ ಅವನ ಸಂಸಾರ. ಸ್ಥಳ ಪಂಚನಾಮೆ ಮಾಡುವಾಗ ಮುತ್ತುರಾಜ ಮುಂದಿನ ಕೋಣೆಯಲ್ಲಿ ನಿಂತುಬಿಟ್ಟ. ತೇಗದ ಸ್ಟ್ಯಾಂಡು ಅಲ್ಲೇ ಇತ್ತು. ಹಿತ್ತಾಳೆಯ ಬಳೆಯೂ ಅಲ್ಲೇ ಇತ್ತು. ನಡುವಿನ ಭೂಮಿ ಮಾತ್ರ ಇರಲಿಲ್ಲ. ಬಳೆಗೆ ಭದ್ರಪಡಿಸಿದ್ದ ಎರಡು ಸ್ಕ್ರೂಗಳನ್ನು ಬಿಚ್ಚಿ, ಪಕ್ಕದ ಮೇಜಿನ ಪಿನ್ನಿನ ಡಬ್ಬಿಯಲ್ಲಿ ಜೋಪಾನವಾಗಿ ಹಾಕಿ ಹೋಗಿದ್ದರು.

"ಚಲುವರಾಜು, ಗುಜರಿಯವನು ಯಾವುದನ್ನ ತಗೋತಾನೆ?"

"ಹಿತ್ತಾಳೆ ಸಾರ್. ಸ್ಟ್ಯಾಂಡೂ ತಗೋತಾನೆ. ಆ ಚೆಂಡನ್ನ ಪುಕ್ಕಟೆ ಕೊಟ್ರೂ ಬೇಡ ಅಂತಾನೆ."

"ಕದ್ದೋನು ಬೆಲೆ ಬಾಳೋದನ್ನ ಬಿಟ್ಟು ಹೋಗಿದಾನೆ. ಸ್ಕ್ರೂ ಕಳೆದುಹೋಗ್ಬಾರ್ದು ಅಂತ ಡಬ್ಬಿಗೆ ಬೇರೆ ಹಾಕಿದಾನೆ. ಇದು ಮಾರೋಕೆ ಕದ್ದಿರೋದಲ್ಲ."

ಭಾರ್ಗವನಿಗೆ ಈ ಮಾತು ರುಚಿಸಲಿಲ್ಲ. "ಅವಳಿಗೆ ಹಿತ್ತಾಳೆ ಅಂತ ಗೊತ್ತಾಗಿಲ್ಲ ಸಾರ್."

"ದಿನಾ ಉಜ್ಜೋರು ಅವರೇ ಅಲ್ವಾ? ನಿನ್ನೆ ನೀವೆಲ್ಲಿದ್ರಿ?"

"ಮಹಾಲಯ ಅಮಾವಾಸ್ಯೆ ಸಾರ್. ಪ್ರತಿ ವರ್ಷ ಶ್ರೀರಂಗಪಟ್ಟಣಕ್ಕೆ ಹೋಗಿ ಅಪ್ಪ ಅಮ್ಮನಿಗೆ ತರ್ಪಣ ಬಿಡ್ತೀನಿ. ಬೆಳಿಗ್ಗೆ ಹೋಗಿ ಸಂಜೆ ಬಂದ್ವಿ."

"ಕೀ ಎಷ್ಟಿದೆ?"

"ಮೂರು. ನಂದು, ಕಿಟ್ಟೀದು, ಅವಳದು."

ಕಿಟ್ಟಿ ಭಾನುವಾರ ಅಂಜನಾಪುರದಲ್ಲಿ ಮಾವನ ಮನೆಯ ಊಟದಲ್ಲಿದ್ದ. ಊಟಕ್ಕೆ ಬಂದಿದ್ದವರೆಲ್ಲ ಸಾಕ್ಷಿ. ಭಾರ್ಗವನ ಕ್ಯಾಮೆರಾ ನೋಡಿದರೆ ಅದು ಬಾಗಿಲ ಕಡೆಗಿರದೆ ಅವನ ಹೊಸ ಕಾರಿನ ಕಡೆಗೆ ತಿರುಗಿತ್ತು. ಭಾನುವಾರ ಕಾರೇ ಊರಲ್ಲಿರಲಿಲ್ಲವಾದ್ದರಿಂದ ಇಡೀ ದಿನ ಖಾಲಿ ಸಿಮೆಂಟು ನೆಲ. ಎದುರುಮನೆಯ ಕ್ಯಾಮೆರಾದಲ್ಲಿ ಬೀದಿ ಕಾಣುತ್ತಿತ್ತು. ಚಲುವರಾಜು ಅದರ ಮುಂದೆ ಕೂತು ಮಧ್ಯಾಹ್ನ ಕಳೆದ. ನವರಾತ್ರಿಯ ಹಿಂದಿನ ದಿನವಾದ್ದರಿಂದ ಬೀದಿಯ ತುಂಬ ಗೊಂಬೆಗಳ ಮೆರವಣಿಗೆ: ಆಟೋದಲ್ಲಿ ದಶರಥ, ಸ್ಕೂಟರಿನ ಮೇಲೆ ಶೆಟ್ಟಿ ಶೆಟ್ಟಮ್ಮ, ಸೀರೆ ಸುತ್ತಿದ ಗಂಟುಗಳನ್ನು ಮಡಿಲಲ್ಲಿಟ್ಟುಕೊಂಡು ಹೋಗುವ ಹೆಂಗಸರು.

"ಏನೂ ಇಲ್ಲ ಸಾರ್. ಬರೀ ಗೊಂಬೆ" ಎಂದು ವರದಿ ಒಪ್ಪಿಸಿದ.

ಮಂಗಳವಾರ ಇನ್ನೂ ಕೆಟ್ಟದಾಗಿ ಕಳೆಯಿತು. ಭಾರ್ಗವ ಮೂರು ಸಲ ಫೋನ್ ಮಾಡಿ ಮುರಿಗೆವ್ವನನ್ನು ಯಾಕೆ ಒಳಗೆ ಹಾಕಿಲ್ಲ ಎಂದು ಕೇಳಿದ. ನಾಲ್ಕನೆಯ ಸಲ ಅವನ ಪರವಾಗಿ ಯಾರೋ ದೊಡ್ಡ ಮನುಷ್ಯರು ಫೋನ್ ಮಾಡಿ, "ಒಂದು ಗ್ಲೋಬ್ ಹುಡುಕೋಕೆ ಆಗಲ್ವೇನ್ರಿ" ಎಂದು ಛೇಡಿಸಿದರು. ಸರ ಕಳಕೊಂಡ ಮುದುಕಿಯೊಬ್ಬಳು ಇನ್ಸ್‌ಪೆಕ್ಟರ್ ಕೋಣೆಯ ಹೊರಗೆ ಕಾಯುತ್ತಿದ್ದಳು. ಎತ್ತು ಏರಿಗೆ, ಕೋಣ ನೀರಿಗೆ. ಮುತ್ತುರಾಜನಿಗೆ ತನ್ನ ನೌಕರಿಯ ಮೇಲೇ ಸಿಟ್ಟು ಬಂತು. ಮುರಿಗೆವ್ವ ಮಾತ್ರ ಯಾರೂ ಕರೆಯದಿದ್ದರೂ ಬಂದು ಅದೇ ಬೆಂಚಿನ ತುದಿಯಲ್ಲಿ ಕೂತಳು.

"ಮನೆಗೆ ಹೋಗಿ ಅಮ್ಮಾ. ಬೇಕಾದಾಗ ಕರೀತೀವಿ."

"ವಠಾರದಾಗ ಕುಂದ್ರಾಕ ಆಗವಲ್ದರಿ. ಎಲ್ಲಾರೂ ನೋಡ್ತಾರ. ಇಲ್ಲೇ ಇರ್ತೀನ್ರಿ."

ಆರೋಪ ಹೊತ್ತವಳಿಗೆ ಮನೆಗಿಂತ ಪೊಲೀಸ್ ಠಾಣೆಯೇ ವಾಸಿ ಎನಿಸುವ ಸ್ಥಿತಿ ಬಂದಿತ್ತಲ್ಲ, ಅದು ಮುತ್ತುರಾಜನನ್ನು ಚುಚ್ಚಿತು. ಅವನು ಅವಳಿಗೆ ಟೀ ತರಿಸಿಕೊಟ್ಟ.

ಬುಧವಾರ ಬೆಳಿಗ್ಗೆ ಅವನು ಮಹಿಳಾ ಕಾನ್‌ಸ್ಟೇಬಲ್ ಲಿಖಿತಾಳನ್ನು ಕರೆದುಕೊಂಡು ಮತ್ತೆ ಭಾರ್ಗವನ ಮನೆಗೆ ಹೋದ. ಈ ಸಲ ಅವನೊಡನೆ ಮಾತಾಡದೆ ಹೆಂಡತಿ ಶರ್ವಾಣಿಯನ್ನು ಕೇಳಿದ.

"ಅಮಾವಾಸ್ಯೆ ದಿನ ನೀವು ಊರಲ್ಲಿರಲ್ಲ ಅಂತ ಯಾರ್ಯಾರಿಗೆ ಗೊತ್ತು?"

"ನಮ್ಮ ಮನೆಯವರಿಗೆಲ್ಲ ಗೊತ್ತು ಸಾರ್. ಅತ್ತೆ ಹೋದಾಗಿಂದ ಒಂದು ವರ್ಷವೂ ತಪ್ಪಿಸಿಲ್ಲ."

"ಕೆಳಗಿನ ಬಾಗಿಲಿನ ಬೀಗ ಹೊಸದಾ?"

"ಇಲ್ಲ, ಅತ್ತೆ ಕಾಲದ್ದು. ಆಗ ನಾಲ್ಕು ಕೀ ಇತ್ತು. ಒಂದು ಚೂಡಾಮಣಿ ಅತ್ತಿಗೆ ಹತ್ರ ಇತ್ತು. ವಾಪಸ್ ಕೊಟ್ರೋ ಇಲ್ವೋ, ನೆನಪಿಲ್ಲ."

ಭಾರ್ಗವ ರೇಗಿದ. "ನಮ್ಮಕ್ಕನ ಹೆಸರು ಇದರಲ್ಲಿ ಯಾಕೆ? ಅವಳು ಬನಶಂಕರೀಲಿ ಗೊಂಬೆ ಕೂರಿಸ್ಕೊಂಡು ಆರಾಮಾಗಿದಾಳೆ."

ಗೊಂಬೆ ಎಂಬ ಮಾತು ಕೇಳಿದ್ದೇ ಮುತ್ತುರಾಜ ಎದ್ದು ಎದುರುಮನೆಗೆ ಹೋದ. ಚಲುವರಾಜುವನ್ನು ಕರೆಸಿ ಭಾನುವಾರದ ದೃಶ್ಯವನ್ನು ಮತ್ತೆ ಹಾಕಿಸಿದ. ಮಧ್ಯಾಹ್ನದ ಹೊತ್ತು ಭಾರ್ಗವನ ಗೇಟಿನಿಂದಲೇ ಒಬ್ಬಳು ಹೆಂಗಸು ಹೊರಬಂದಳು. ಹಸಿರು ರೇಷ್ಮೆ ಸೀರೆಯಲ್ಲಿ ಸುತ್ತಿದ ದುಂಡನೆಯ ಗಂಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಕಾಯುತ್ತಿದ್ದ ಆಟೋ ಹತ್ತಿದಳು. ಗಂಟನ್ನು ಮೊದಲು ಸೀಟಿನ ಮೇಲಿಟ್ಟು ಆಮೇಲೆ ತಾನು ಕೂತಳು.

"ಇದನ್ನ ನೋಡಿದ್ಯಾ?"

"ನೋಡ್ದೆ ಸಾರ್." ಚಲುವರಾಜುವಿನ ಮುಖ ಸಣ್ಣದಾಯಿತು. "ಗೊಂಬೆ ಅನ್ಕೊಂಡೆ. ಅವತ್ತು ಯಾರು ಏನು ಸುತ್ಕೊಂಡು ಹೋದ್ರೂ ಗೊಂಬೇನೇ ಅಲ್ವಾ ಸಾರ್. ನಮ್ಮನೆಯವಳೂ ಹಿಂಗೇ ತಂದ್ಳು."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಮುತ್ತುರಾಜನಿಗೆ ಬೈಯಲು ಕೂಡ ಮನಸ್ಸಾಗಲಿಲ್ಲ. ಆ ಭಾನುವಾರ ತಾನು ಕಂಡಿದ್ದರೂ ಗೊಂಬೆ ಎಂದೇ ಬಿಡುತ್ತಿದ್ದ.

ಮಧ್ಯಾಹ್ನ ಮೂರು ಗಂಟೆಗೆ ಮೂವರೂ ಬನಶಂಕರಿಯ ಚೂಡಾಮಣಿಯ ಮನೆ ತಲುಪಿದರು. ಬಾಗಿಲು ಹಾರುಹೊಡೆದಿತ್ತು. ಗೊಂಬೆ ಕೂರಿಸಿದ ಮನೆಯ ಬಾಗಿಲನ್ನು ಯಾರಿಗೂ ಹಾಕುವಂತಿಲ್ಲ, ಬಂದವರು ಯಾರೇ ಆದರೂ ಬೇಡ ಎನ್ನುವಂತಿಲ್ಲ. ಐವತ್ತೈದರ ಚೂಡಾಮಣಿ ಪೊಲೀಸ್ ಸಮವಸ್ತ್ರವನ್ನು ಕಂಡು ಒಂದು ಗಳಿಗೆ ನಿಂತಳು. ಆಮೇಲೆ ಅಭ್ಯಾಸಬಲ ಗೆದ್ದಿತು.

"ಬನ್ನಿಮ್ಮಾ, ಕುಂಕುಮ ತಗೊಳ್ಳಿ" ಎಂದು ಲಿಖಿತಾಳ ಮುಂದೆ ತಟ್ಟೆ ಹಿಡಿದಳು.

ಲಿಖಿತಾ ಮುತ್ತುರಾಜನ ಮುಖ ನೋಡಿದಳು. ಅವನು ತಲೆಯಾಡಿಸಿದ. ಕರ್ತವ್ಯದಲ್ಲಿದ್ದಾಗ ಕುಂಕುಮ ತಗೊಳ್ಳಬಾರದೆಂದು ಯಾವ ಕೈಪಿಡಿಯಲ್ಲೂ ಬರೆದಿಲ್ಲ. ಅವಳು ಕುಂಕುಮ ಇಟ್ಟುಕೊಂಡು, ಕಡಲೆಕಾಳಿನ ಉಸಲಿಯ ದೊನ್ನೆ ಹಿಡಿದು ಒಳಗೆ ಹೋದಳು. ಹಿಂದೆಯೇ ಬೂಟು ಬಿಚ್ಚಿ ಮುತ್ತುರಾಜ.

ಒಳಗೆ ಒಂಬತ್ತು ಮೆಟ್ಟಿಲಿನ ಗೊಂಬೆ. ಎದುರಿಗೆ ಚಾಪೆಯ ಮೇಲೆ ಮೂವರು ಹೆಂಗಸರು. ಅವರಲ್ಲಿ ಹಿರಿಯಳಾದ ನಾಗಲಕ್ಷ್ಮಮ್ಮ ಹಾಡು ನಿಲ್ಲಿಸಿ ಪೊಲೀಸರ ಕಡೆ ನೋಡಿದಳು. ಮೆಟ್ಟಿಲುಗಳ ಪಕ್ಕದಲ್ಲಿ, ನೆಲದ ಮೇಲೆ, ಮೂರಡಿ ಎತ್ತರದ ಹಳೆಯ ವರಾಹಸ್ವಾಮಿ. ಅವನ ಎರಡು ಕೋರೆಗಳ ಮೇಲೆ ಭೂಮಿ. ನೀಲಿ ಸಮುದ್ರ, ಹಸಿರು ನೆಲ, ದೇಶಗಳ ಹೆಸರು ಎಲ್ಲ ಇದ್ದ ಭೂಮಿ. ಪೆಸಿಫಿಕ್ಕಿನ ಮೇಲೆ ಕುಂಕುಮದ ಕಲೆ.

ಒಪ್ಪುತ್ತಿತ್ತು. ಅದೇ ಮುತ್ತುರಾಜನನ್ನು ಇನ್ನಷ್ಟು ರೇಗಿಸಿದ್ದು. ಅಷ್ಟು ಚೆನ್ನಾಗಿ ಒಪ್ಪುತ್ತಿತ್ತು.

"ಇದು ಎಲ್ಲಿಂದ ಬಂತಮ್ಮಾ?"

ಚೂಡಾಮಣಿ ಸುಳ್ಳು ಹೇಳಲಿಲ್ಲ. "ತಮ್ಮನ ಆಫೀಸಿಂದ ತಂದೆ."

"ಕೇಳಿ ತಂದ್ರಾ?"

"ಕೇಳಿದ್ದೆ. ಕೊಡಲಿಲ್ಲ. ಆಮೇಲೆ ತಂದೆ."

"ಇಷ್ಟು ಜನ ಬರೋ ಕಡೆ ಇಟ್ಟಿದೀರಲ್ಲ?"

"ಗೊಂಬೆ ಕೂರಿಸಿ ಬಾಗಿಲು ಹಾಕ್ಕೊಳ್ಳೋಕಾಗುತ್ತಾ ಸಾರ್? ಶರ್ವಾಣಿ ಮೂರು ವರ್ಷದಿಂದ ಬಂದಿಲ್ಲ. ಈ ವರ್ಷಾನೂ ಬರಲ್ಲ ಅಂತ ಗೊತ್ತಿತ್ತು. ದಶಮಿ ಆದ್ಮೇಲೆ ವಾಪಸ್ ಇಡ್ತಿದ್ದೆ. ಸ್ಕ್ರೂ ಅಲ್ಲೇ ಡಬ್ಬೀಲಿ ಹಾಕಿ ಬಂದಿದೀನಿ."

ಜಪ್ತಿ ಪಂಚನಾಮೆಗೆ ಪಂಚರು ಬೇಕು. ಕುಂಕುಮಕ್ಕೆ ಬಂದಿದ್ದ ನಾಗಲಕ್ಷ್ಮಮ್ಮನನ್ನೂ ಅವಳ ಪಕ್ಕದವಳನ್ನೂ ಪಂಚರನ್ನಾಗಿ ಮಾಡಬೇಕಾಯಿತು. ನಾಗಲಕ್ಷ್ಮಮ್ಮ ಹೆಸರಿನ ಹಿಂದೆ ಶ್ರೀಮತಿ ಸೇರಿಸದೆ ಸಹಿ ಹಾಕುವುದಿಲ್ಲ ಎಂದಳು, ಸೇರಿಸಿದ ಮೇಲೆ ಕನ್ನಡಕ ತಂದಿಲ್ಲ ಎಂದಳು. ಚಲುವರಾಜು ಬಿಳಿ ಬಟ್ಟೆ ಹಿಡಿದು ಗೋಳದ ಸುತ್ತ ಎರಡು ಸುತ್ತು ಬಂದ.

"ಗುಂಡಗಿರೋದಕ್ಕೆ ಬಟ್ಟೆ ಸುತ್ತಿ ಅರಗು ಹಾಕೋದು ಹೆಂಗೆ ಸಾರ್? ಜಾರುತ್ತೆ."

"ನಿಮ್ಮನೆಯವಳು ಗೊಂಬೆಗೆ ಹೆಂಗೆ ಸುತ್ತಿದ್ಳೋ ಹಂಗೆ ಸುತ್ತು."

ಚೂಡಾಮಣಿ ಅಡ್ಡ ನಿಂತಳು. "ಕೂರಿಸಿದ ಮೇಲೆ ದಶಮಿವರೆಗೂ ಗೊಂಬೆ ಅಲ್ಲಾಡಿಸಬಾರದು ಸಾರ್. ಬೇಕಾದ್ರೆ ಒಬ್ಬರನ್ನ ಕಾವಲಿಗೆ ಕೂರಿಸಿ. ಇನ್ನೊಂದು ವಾರ."

"ಗೊಂಬೆ ಮುಟ್ಟಲ್ಲಮ್ಮ. ಭೂಮಿ ಮಾತ್ರ ತಗೋತೀನಿ. ನಾಳೆ ಒಬ್ರ ಕೆಲಸ ಹೋಗುತ್ತೆ."

"ಯಾರ ಕೆಲಸ?"

"ಮುರಿಗೆವ್ವ ಅಂತ. ನಿಮ್ಮ ತಮ್ಮನ ಆಫೀಸ್ ಗುಡಿಸೋರು. ಅವರೇ ಕದ್ದಿದ್ದು ಅಂತ ಕಂಪ್ಲೇಂಟು."

ಚೂಡಾಮಣಿ ಕುಂಕುಮದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. "ಭಾರ್ಗವ ಸೋಮವಾರ ಫೋನ್ ಮಾಡಿದ್ದ. ಕೆಲಸದವಳು ಎತ್ಕೊಂಡು ಹೋಗಿದಾಳೆ ಅಂದ. ಸದ್ಯ, ನನ್ನ ಮೇಲೆ ಬರಲಿಲ್ಲ ಅಂತ ಸುಮ್ಮನಾದೆ."

"ಅವರ ಗತಿ ಏನಾಗುತ್ತೆ ಅನ್ನಿಸ್ಲಿಲ್ವಾ?"

"ಇಲ್ಲ ಸಾರ್." ಅವಳ ದನಿ ಇಳಿದಿತ್ತು. "ಅದು ಹೊಳೀಲೇ ಇಲ್ಲ."

ಮುತ್ತುರಾಜ ಎರಡು ಕೈ ಹಾಕಿ ಗೋಳವನ್ನು ಎತ್ತಿದ.

ಸಂಜೆ ನಾಲ್ಕೂವರೆಗೆ ಠಾಣೆಗೆ ಓಡಿ ಬಂದ ಭಾರ್ಗವನ ಮುಖ ಬಿಳುಚಿತ್ತು. ಅಕ್ಕ ಒಳಗಿನ ಕೋಣೆಯಲ್ಲಿ ಲಿಖಿತಾಳ ಪಕ್ಕ ಕೂತಿದ್ದಳು.

"ಇದು ನಮ್ಮ ಮನೆ ವಿಷಯ ಸಾರ್. ಕಂಪ್ಲೇಂಟ್ ವಾಪಸ್ ತಗೋತೀನಿ. ಗ್ಲೋಬೂ ಬೇಡ, ಏನೂ ಬೇಡ."

"ಸೋಮವಾರ ಎರಡೇಟು ಹಾಕಿ ಅಂದಿದ್ರಿ."

"ಅದು ಬೇರೆ ಸಾರ್."

"ಏನು ಬೇರೆ?"

ತನಗೊಂದು ನ್ಯಾಯ, ಪರರಿಗೊಂದು ನ್ಯಾಯ ಎನ್ನುವುದನ್ನು ಬಾಯಿಬಿಟ್ಟು ಹೇಳಲು ಯಾರಿಗೂ ಬರುವುದಿಲ್ಲ.

"ಎಫ್‌ಐಆರ್ ಆದ್ಮೇಲೆ ನಿಮಗೆ ಬೇಕಾದಾಗ ಹಾಕೋದು, ಬೇಡ ಅಂದಾಗ ತೆಗೆಯೋದು ನನ್ನ ಕೈಲಿಲ್ಲ" ಎಂದ ಮುತ್ತುರಾಜ. "ಇದನ್ನ ಹೀಗೇ ಮುಚ್ಚಿದ್ರೆ ನಿಮ್ಮಕ್ಕ ಮನೆಗೆ ಹೋಗ್ತಾರೆ, ನೀವೂ ಮನೆಗೆ ಹೋಗ್ತೀರಿ. ಕಾಗದದ ಮೇಲೆ ಮುರಿಗೆವ್ವನ ಹೆಸರು ಒಂದೇ ಉಳಿಯುತ್ತೆ. ಅದಾಗಲ್ಲ."

ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲವಾದ್ದರಿಂದ, ಐದು ಗಂಟೆಗೇ ಚೂಡಾಮಣಿಯ ಬಂಧನವನ್ನು ಡೈರಿಯಲ್ಲಿ ದಾಖಲಿಸಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಾಯಿತು. ತಮ್ಮನೇ ಜಾಮೀನಿಗೆ ನಿಂತ. ಬಿಡುಗಡೆಯಾಯಿತು.

ಅವಳ ಹೇಳಿಕೆ ಒಂದೂವರೆ ಪುಟವಿತ್ತು. ಅಮ್ಮ ತೀರಿಕೊಂಡಾಗ ಮನೆ ಭಾರ್ಗವನಿಗೆ, ಗೊಂಬೆ ಮಗಳಿಗೆ ಎಂದಾಗಿತ್ತು. ಮನೆಯಲ್ಲಿ ತನಗೆ ಪಾಲು ಬೇಡವೆಂದು ಅವಳು ಸಹಿ ಹಾಕಿಕೊಟ್ಟಿದ್ದಳು. ಗೊಂಬೆ ಸಾಗಿಸಿದ ದಿನ ವರಾಹನ ಕೋರೆಯ ಮೇಲಿದ್ದ ಮಣ್ಣಿನ ಭೂಮಿ ಬಿದ್ದು ಒಡೆಯಿತು. ಅಂದಿನಿಂದ ಸ್ವಾಮಿ ಬರಿಯ ಕೋರೆ ಚಾಚಿಕೊಂಡು ನಿಲ್ಲುತ್ತಿದ್ದ. ಹೋದ ವರ್ಷ ಬಡಾವಣೆಯ ಗೊಂಬೆ ಸ್ಪರ್ಧೆಗೆ ಬಂದ ತೀರ್ಪುಗಾರ್ತಿಯೊಬ್ಬಳು, "ಈ ಹಂದಿ ಗೊಂಬೆ ಯಾಕಿಟ್ಟಿದೀರಿ?" ಎಂದು ಕೇಳಿದಳು. ಬಂದವರೆಲ್ಲ ನಕ್ಕರು. ಈ ವರ್ಷ ಅವಳು ತಮ್ಮನ ಕಚೇರಿಗೆ ಹೋಗಿ, ಹಬ್ಬ ಮುಗಿಯುವವರೆಗೆ ಗ್ಲೋಬು ಕೊಡು ಎಂದಳು. ಅವನು ಗಿರಾಕಿಗಳ ಎದುರಿಗೆ, "ನಿನ್ನ ಹಂದಿಗೆ ನನ್ನ ಗ್ಲೋಬ್ ಬೇಕಾ?" ಎಂದ. ಅದೇ ಅಮ್ಮನ ಗೊಂಬೆಗೆ ಚಿಕ್ಕವನಿದ್ದಾಗ ಅವನೇ ದಿನಾ ಹೂವು ಏರಿಸುತ್ತಿದ್ದನಂತೆ.

"ಮನೆ ಕೇಳಲಿಲ್ಲ ಸಾರ್. ಹಬ್ಬದ ಮಟ್ಟಿಗೆ ಒಂದು ಚೆಂಡು ಕೇಳಿದೆ." ಹೇಳಿಕೆಯ ಕೊನೆಯ ಸಾಲು ಅದು. ಚಲುವರಾಜು ಅದನ್ನು ಹಾಗೇ ಬರೆದುಕೊಂಡಿದ್ದ.

ಗುರುವಾರ ಬೆಳಿಗ್ಗೆ ಮುತ್ತುರಾಜ ನಿಂಗರಾಜನನ್ನು ಕರೆಸಿ, ಐಡಿ ಕಾರ್ಡನ್ನು ತನ್ನೆದುರೇ ವಾಪಸು ಕೊಡಿಸಿದ. ಮುರಿಗೆವ್ವ ಅದನ್ನು ಕೊರಳಿಗೆ ಹಾಕಿಕೊಂಡಳು. ಆದರೆ ಬೆಂಚಿನಿಂದ ಏಳಲಿಲ್ಲ.

"ಇನ್ನೇನಮ್ಮಾ?"

"ಹುಡುಕೂವಾಗ ನಮ್ಮ ಅಂಗಳದಾಗ ಎಲ್ಲಾರೂ ಇದ್ರು. ಸಿಕ್ಕಿದ್ದು ಅವ್ರಿಗೆ ಯಾರ್ ಹೇಳ್ತಾರ್ರಿ?"

ಮುತ್ತುರಾಜನಿಗೆ ಹತ್ತು ಗಂಟೆಗೆ ಬಂದೋಬಸ್ತಿನ ಮೀಟಿಂಗಿತ್ತು. ಸರಗಳ್ಳ ಇನ್ನೂ ಸಿಕ್ಕಿರಲಿಲ್ಲ. ಅವನು ನಿಟ್ಟುಸಿರು ಬಿಟ್ಟು ಭಾರ್ಗವನಿಗೆ ಫೋನ್ ಮಾಡಿದ.

"ಬಿಟಿಎಂಗೆ ಬರಬೇಕು."

"ಕ್ಲೈಂಟ್ ಇದಾರೆ ಸಾರ್."

"ಅವರ ರೂಮಿಗೆ ನುಗ್ಗಿ ಹುಡುಕಿದ್ದಕ್ಕೆ ಅವರು ದೂರು ಕೊಟ್ರೆ ಅದಕ್ಕೂ ಎಫ್‌ಐಆರ್ ಹಾಕಬೇಕಾಗುತ್ತೆ. ಬರ್ತೀರೋ, ಬರಲ್ವೋ?"

ವಠಾರದ ಅಂಗಳದಲ್ಲಿ ನಲ್ಲಿಗೆ ನೀರು ಬಂದ ಹೊತ್ತು. ಕೊಡಗಳ ಸಾಲು, ಹೆಂಗಸರ ಸಾಲು. ಪೊಲೀಸ್ ಜೀಪು ಕಂಡು ಎಲ್ಲರೂ ತಿರುಗಿದರು. ಭಾರ್ಗವ ಅಂಗಳದ ನಡುವೆ ನಿಂತು ನೆಲ ನೋಡುತ್ತ, "ಇವರು ಕದ್ದಿರಲಿಲ್ಲ. ನನ್ನ ತಪ್ಪು" ಎಂದ. ಅಷ್ಟು ಹೇಳಿ ಗೇಟಿನ ಕಡೆ ಹೊರಟ.

"ಸಾಹೇಬ್ರ, ನಿಲ್ರಿ" ಎಂದಳು ಮುರಿಗೆವ್ವ. ಅವಳು ದನಿಯೇರಿಸಲಿಲ್ಲ. ಮೇಲಿನ ಮಹಡಿಯ ಕಟಾಂಜನ ಹಿಡಿದು ಬಗ್ಗಿ ನೋಡುತ್ತಿದ್ದವರ ಕಡೆ ಕೈ ತೋರಿಸಿದಳು. "ಮ್ಯಾಲಿನವ್ರಿಗೆ ಕೇಳ್ಸಿಲ್ರಿ. ಇನ್ನೊಮ್ಮಿ ಹೇಳ್ರಿ."

ಭಾರ್ಗವ ಮುತ್ತುರಾಜನ ಮುಖ ನೋಡಿದ. ಮುತ್ತುರಾಜ ಜೀಪಿಗೆ ಒರಗಿ ಕೈಕಟ್ಟಿ ನಿಂತಿದ್ದ. ಮೀಟಿಂಗಿಗೆ ಆಗಲೇ ತಡವಾಗಿತ್ತು. ಭಾರ್ಗವ ತಲೆಯೆತ್ತಿ, ಮೇಲಿನವರಿಗೂ ಕೇಳುವಂತೆ, ಇನ್ನೊಮ್ಮೆ ಹೇಳಿದ.